ಮೂರೂವರೆಯೋ, ನಾಲ್ಕೋ

ವಿದ್ಯಾರ್ಥಿನಿಯರ ಹಾಸ್ಟೆಲ್,
ನೆಲಮಹಡಿ, ಕೊನೆಯ ಕೋಣೆ
ಫೆಬ್ರವರಿ ೯, ಭಾನುವಾರ

ಪ್ರೀತಿಯ ಅಕ್ಕ,

ನಿನಗೂ ಭಾವನಿಗೂ ನಮಸ್ಕಾರ. ಪುಟಾಣಿಯ ಎರಡೂ ಕೆನ್ನೆಗೆ ಒಂದೊಂದು ಮುತ್ತು. ನಿನ್ನ ಕಾಗದ ಬಂದು ಏಳು ವಾರವಾಯಿತು. ಉತ್ತರ ಬರಲಿಲ್ಲವೆಂದು ಸಿಟ್ಟಾಗಿರುತ್ತೀಯ, ‘ಅವಳಿಗೆ ಈಗ ನಾವೆಲ್ಲ ಯಾವ ಲೆಕ್ಕ’ ಎಂದು ಅಮ್ಮನ ಹತ್ತಿರ ಹೇಳಿಯೂ ಇರುತ್ತೀಯ. ತಪ್ಪು ನನ್ನದೇ. ಆದರೆ ಬರೆಯಲೇ ಇಲ್ಲವೆಂದಲ್ಲ. ಮೂರು ಸಲ ಶುರು ಮಾಡಿದೆ, ಮೂರು ಸಲವೂ ಹರಿದುಹಾಕಿದೆ. ಒಂದರಲ್ಲಿ ಬರೀ ಸಿಟ್ಟಿತ್ತು, ಇನ್ನೊಂದರಲ್ಲಿ ಬರೀ ಹವಾಮಾನವಿತ್ತು, ಮೂರನೆಯದರಲ್ಲಿ ಏನಿತ್ತೋ ನನಗೇ ನೆನಪಿಲ್ಲ. ಫೋನಿನಲ್ಲೇ ಹೇಳಿಬಿಡಬಹುದಿತ್ತು ಎನ್ನಬೇಡ. ಫೋನಿನಲ್ಲಿ ನಾವಿಬ್ಬರೂ ‘ಊಟ ಆಯ್ತಾ’ ಎಂಬಲ್ಲಿಂದ ಮುಂದೆ ಹೋದದ್ದೇ ಇಲ್ಲ.

ಇದನ್ನು ಮುಗಿಸದೆ ಏಳಬಾರದೆಂದು ಕೂತಿದ್ದೇನೆ. ಆಗಲೇ ಎರಡು ಸಲ ಎದ್ದು ಕಿಟಕಿ ತೆರೆದು ಮುಚ್ಚಿದ್ದಾಯಿತು. ಬೆಂಕಿಯ ಮೇಲೆ ಕೂತವಳ ಹಾಗೆ ಆಡಬೇಡ ಎಂದು ಕೋಣೆಯ ಗೆಳತಿ ಬೈಯುತ್ತಿದ್ದಾಳೆ. ಕಾರಣವಿದೆ, ಹೇಳುತ್ತೇನೆ.

ನೀನು ಕಾಗದದಲ್ಲಿ ಕೇಳಿದ್ದು ಒಂದೇ ಪ್ರಶ್ನೆ. ಪೇಪರಿನಲ್ಲಿ ಬಂದ ನನ್ನ ಫೋಟೋ ನೋಡಿ ನಿನ್ನ ಅತ್ತೆ ‘ನಿನ್ನ ತಂಗಿಗೆ ಏನಾಯ್ತು’ ಎಂದು ಗಾಬರಿಯಾದರಂತೆ. ಅಮ್ಮ ಆ ಪುಟವನ್ನು ಮಡಿಸಿ ಬೀರುವಿನಲ್ಲಿಟ್ಟು ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲವಂತೆ. ‘ನಡೆಯಲು ಬರುವ ಹುಡುಗಿ ನೀನು, ಆ ಕುರ್ಚಿಯಲ್ಲಿ ಯಾಕೆ ಹೋಗಿ ಕೂತೆ?’ ಎಂದು ಬರೆದು ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೀಯ.

ಯಾಕೆ ಎನ್ನುವುದಕ್ಕಿಂತ ಮೊದಲು ಹೇಗೆ ಕೂತೆ ಎಂದು ಹೇಳುತ್ತೇನೆ. ನನ್ನ ಕೋಣೆಯ ಗೆಳತಿ ಕಾನೂನು ಓದುತ್ತಾಳೆ, ಇದು ಅವಳ ಕೊನೆಯ ವರ್ಷ. ಹನ್ನೆರಡನೇ ವಯಸ್ಸಿನಲ್ಲಿ ಕಟ್ಟುತ್ತಿದ್ದ ಮನೆಯ ಮೇಲಿನಿಂದ ಬಿದ್ದಳು, ಅಂದಿನಿಂದ ಕಾಲುಗಳಲ್ಲಿ ಜೀವವಿಲ್ಲ. ವಿಶ್ವವಿದ್ಯಾಲಯದ ವೀಲ್‌ಚೇರ್ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಆಡುತ್ತಾಳೆ. ಎದುರಾಳಿಯ ದಾರಿಗೆ ಅಡ್ಡ ನಿಂತರೆ ಯಾರೂ ಅಲ್ಲಾಡಿಸಲಾರರು, ಅದಕ್ಕೇ ಎಲ್ಲರೂ ಅವಳನ್ನು ಗೋಡೆ ಎಂದು ಕರೆಯುತ್ತಾರೆ. ನಾನು ಸೇರಿದ ಹೊಸತರಲ್ಲಿ ಅವಳು ಒಬ್ಬಳೇ ಅಭ್ಯಾಸ ಮಾಡುವಾಗ ಚೆಂಡು ಎತ್ತಿ ವಾಪಸು ಎಸೆಯಲು ನನ್ನನ್ನು ಕರೆದುಕೊಂಡು ಹೋಗುತ್ತಿದ್ದಳು. ಅರ್ಧ ಗಂಟೆ ನಿಂತರೆ ನನ್ನ ಬಲ ಸೊಂಟ ಹೇಗೆ ಹಿಡಿದುಕೊಳ್ಳುತ್ತದೆಂದು ನಿನಗೆ ಗೊತ್ತು. ನಾನು ಕಂಬಕ್ಕೆ ಒರಗಿ ನಿಂತದ್ದನ್ನು ಅವಳು ನೋಡಿದಳು. ಏನಾಗಿದೆ ಎಂದು ಕೇಳಲಿಲ್ಲ. ಮೂಲೆಯಲ್ಲಿದ್ದ ಖಾಲಿ ಕುರ್ಚಿಯನ್ನು ತೋರಿಸಿ, ಕೂತುಕೊಂಡೇ ಎಸೆ, ಯಾರು ಬೇಡ ಅಂದರು ಎಂದಳು.

ಅದು ಆಸ್ಪತ್ರೆಯ ಕುರ್ಚಿಯಲ್ಲ ಅಕ್ಕ. ಹಿಂದೆ ಹಿಡಿದು ನೂಕಲು ಹಿಡಿಕೆಯೇ ಇಲ್ಲ. ಚಕ್ರಗಳು ಕೆಳಗೆ ಅಗಲವಾಗಿ ಓರೆ ನಿಂತಿರುತ್ತವೆ, ಸೊಂಟಕ್ಕೊಂದು ಪಟ್ಟಿ, ಮುಂದೆ ಗುದ್ದು ತಡೆಯಲು ಒಂದು ಕಂಬಿ. ನಾನು ಕೂತು ಒಮ್ಮೆ ತಳ್ಳಿದೆ, ಸೀದಾ ಹೋಗಿ ಬೆಂಚಿಗೆ ಗುದ್ದಿದೆ. ಎರಡನೆಯ ದಿನ ಈ ತುದಿಯಿಂದ ಆ ತುದಿಗೆ ಎಷ್ಟು ಬಲವಿತ್ತೋ ಅಷ್ಟೂ ಹಾಕಿ ಹೋದೆ. ಮುಖಕ್ಕೆ ಗಾಳಿ ಹೊಡೆಯಿತು. ಹತ್ತೊಂಬತ್ತು ವರ್ಷ ನಾನು ಯಾವತ್ತೂ ಓಡಿರಲಿಲ್ಲ. ಶಾಲೆಯಲ್ಲಿ ಓಟದ ದಿನ ಎಲ್ಲರ ಚೀಲ ಕಾಯುತ್ತಿದ್ದವಳು ನಾನು. ಓಡುವುದೆಂದರೆ ಇದು ಎಂದು ನನಗೆ ಗೊತ್ತಾದದ್ದು ಕೂತ ಮೇಲೆ. ನಿನ್ನ ‘ಯಾಕೆ’ಗೆ ಇದು ಅರ್ಧ ಉತ್ತರ.

ಈಗ ನನ್ನ ಕಳವಳದ ವಿಷಯ. ನಮ್ಮ ಆಟದಲ್ಲಿ ಪ್ರತಿಯೊಬ್ಬರಿಗೂ ಒಂದು ನಂಬರು ಕೊಡುತ್ತಾರೆ. ಮೈಯಲ್ಲಿ ಹಿಡಿತ ಹೆಚ್ಚಿದ್ದಷ್ಟೂ ನಂಬರು ದೊಡ್ಡದು. ಎದೆಯ ಕೆಳಗೆ ಏನೂ ಆಡದವಳಿಗೆ ಒಂದು, ನನ್ನ ಹಾಗೆ ನಡೆಯುವವರಿಗೆ ಮೂರೂವರೆ, ನಾಲ್ಕು, ಹಾಗೆ. ಆಡುತ್ತಿರುವ ಐವರ ನಂಬರು ಕೂಡಿಸಿದರೆ ಹದಿನಾಲ್ಕು ದಾಟಬಾರದು. ಇಲ್ಲದಿದ್ದರೆ ಕೈಕಾಲು ಗಟ್ಟಿ ಇರುವವರೇ ಆಡಿ, ಉಳಿದವರು ಬೆಂಚಿನಲ್ಲಿ ಕೂರಬೇಕಾಗುತ್ತದಲ್ಲ. ಗೋಡೆಯ ನಂಬರು ಮೂರು. ನನಗೆ ಇಲ್ಲಿಯವರೆಗೆ ತಾತ್ಕಾಲಿಕವಾಗಿ ಮೂರೂವರೆ. ನಮ್ಮ ಐವರದು ಸರಿಯಾಗಿ ಹದಿನಾಲ್ಕು, ಕೂದಲೆಳೆಯಷ್ಟೂ ಜಾಗವಿಲ್ಲ.

ಮಂಗಳವಾರ ಪರೀಕ್ಷಕರು ಬಂದು ನನ್ನ ನಂಬರನ್ನು ಖಾಯಂ ಮಾಡುತ್ತಾರೆ. ಅದು ನಾಲ್ಕಾದರೆ ಒಬ್ಬರು ಹೊರಗೆ. ನಮ್ಮಲ್ಲಿ ಎಲ್ಲರಿಗಿಂತ ಎತ್ತರದವಳು, ಕೊಕ್ಕರೆ ಅನ್ನುತ್ತೇವೆ, ಅವಳಿಲ್ಲದೆ ಬುಟ್ಟಿಯ ಕೆಳಗೆ ಚೆಂಡು ಸಿಕ್ಕುವುದಿಲ್ಲ. ಹಾಗಾಗಿ ಹೊರಗೆ ಕೂರಬೇಕಾದವಳು ಗೋಡೆ. ನಾಲ್ಕು ವರ್ಷ ಆಡಿದ್ದಾಳೆ, ಇದೇ ತಿಂಗಳು ಅವಳ ಕೊನೆಯ ಪಂದ್ಯಾವಳಿ.

ನಿನ್ನೆ ಕೋಚ್ ಸರ್ ನನ್ನನ್ನು ಪಕ್ಕಕ್ಕೆ ಕರೆದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಿದವರಲ್ಲ. ಬೂಟಿನ ತುದಿ ನೋಡುತ್ತಾ, ಪರೀಕ್ಷೆಯ ದಿನ ತೀರಾ ಉತ್ಸಾಹದಿಂದ ಮಾಡಬೇಕಾಗಿಲ್ಲ ಎಂದರು. ಸುಸ್ತಾದ ದಿನ ನಾನು ಹೇಗೆ ನಡೆಯುತ್ತೇನೋ ಹಾಗೆ ನಡೆದರೆ ಸಾಕಂತೆ. ಬಲಕ್ಕೆ ವಾಲಲು ಹೇಳಿದಾಗ ಸ್ವಲ್ಪ ಮೊದಲೇ ನಿಲ್ಲಿಸಿದರೂ ನಡೆಯುತ್ತದಂತೆ. ನಾನು ಹೂಂ ಅಂದೆ.

ಗೋಡೆಗೆ ಅದು ಹೇಗೋ ತಿಳಿಯಿತು. ಈಗ ತಾನೇ, ನಾನು ಈ ಕಾಗದ ಬರೆಯುತ್ತಿರುವಾಗ, ಪುಸ್ತಕದಿಂದ ತಲೆ ಎತ್ತದೆ ಹೇಳಿದಳು: “ನಂಗೋಸ್ಕರ ಕುಂಟಬೇಡ ಕಣೇ.”

ಆದರೂ ಕುಂಟುವುದೆಂದು ತೀರ್ಮಾನ ಮಾಡಿದ್ದೇನೆ. ಊಟದ ಗಂಟೆ ಹೊಡೆಯಿತು. ಉಳಿದದ್ದು ಆಮೇಲೆ.

ಫೆಬ್ರವರಿ ೧೨, ಬುಧವಾರ

ಅಕ್ಕ, ಮೊನ್ನೆಯ ಹಾಳೆಗಳನ್ನು ಅಂಚೆಗೆ ಹಾಕಲಿಲ್ಲ. ನಿನ್ನೆ ಆದದ್ದನ್ನು ಹೇಳದೆ ಅದು ಅರ್ಧವಾಗುತ್ತಿತ್ತು. ಇವತ್ತು ತರಗತಿಗೆ ಹೋಗಿ ಹತ್ತು ನಿಮಿಷಕ್ಕೆ ಎದ್ದು ಬಂದೆ. ಗ್ರಂಥಾಲಯಕ್ಕೆ ಹೋದೆ, ಅಲ್ಲೂ ಆಗಲಿಲ್ಲ. ಈಗ ಕ್ಯಾಂಟೀನಿನ ಹಿಂದಿನ ಮೆಟ್ಟಿಲ ಮೇಲೆ ಕೂತು ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಪರೀಕ್ಷಕರು ಇಬ್ಬರು. ಒಬ್ಬ ಹುಡುಗ ಬರೆದುಕೊಳ್ಳುವವನು. ಇನ್ನೊಬ್ಬರು ವಯಸ್ಸಾದ ಹೆಂಗಸು, ಫಿಸಿಯೋಥೆರಪಿಸ್ಟ್, ಪೂರ್ತಿ ಬಿಳಿಕೂದಲು, ಮೂಗಿನ ತುದಿಯಲ್ಲಿ ಕನ್ನಡಕ. ನನ್ನ ಹಳೆಯ ಎಕ್ಸ್‌ರೇಗಳನ್ನು ಕಿಟಕಿಗೆ ಹಿಡಿದು ನೋಡಿದರು. ಮೂರು ವರ್ಷವಿದ್ದಾಗ ಜ್ವರ ಬಂದು ಸೊಂಟದ ಕೀಲು ಕೆಟ್ಟದ್ದು, ಕಾಲು ಎರಡಂಗುಲ ಗಿಡ್ಡವಾದದ್ದು, ಎಲ್ಲ ಕೇಳಿ ತಿಳಿದುಕೊಂಡರು. ಆಮೇಲೆ ಬಾಗಿಲವರೆಗೆ ಹೋಗಿ ಬನ್ನಿ ಎಂದರು.

ನಾನು ಕುಂಟಿದೆ. ಹೇಗೆ ಕುಂಟಿದೆ ಎಂದು ಕೇಳಬೇಡ, ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ನನಗೆ ಹೊಳೆದದ್ದೇನೆಂದರೆ, ನನ್ನ ಕುಂಟು ಹೇಗಿರುತ್ತದೆಂದು ನನಗೇ ಗೊತ್ತಿಲ್ಲ. ನಾನು ಅದನ್ನು ಯಾವತ್ತೂ ನೋಡಿಲ್ಲ. ನಮ್ಮ ಮನೆಯಲ್ಲಿ ಹಜಾರದಿಂದ ಅಡುಗೆಮನೆಯವರೆಗೆ ದಿನಾ ಸಂಜೆ ನಡೆಸುತ್ತಿದ್ದಿರಲ್ಲ, ಅಮ್ಮ ಆ ತುದಿಯಲ್ಲಿ, ನೀನು ನನ್ನ ಹಿಂದೆ ‘ಸೊಂಟ, ಸೊಂಟ’ ಎನ್ನುತ್ತಾ? ಎಂಟು ವರ್ಷ ನಡೆದ ಆ ಪಾಠದಲ್ಲಿ ಕುಂಟು ಅಂದರೆ ಹಾಕಬಾರದ ಹೆಜ್ಜೆ ಎಂದಷ್ಟೇ ಕಲಿತಿದ್ದೆ. ಅದಕ್ಕೆ ನಿನ್ನೆ ನಮ್ಮ ಬೀದಿಯ ಹಾಲಿನವನ ಕುಂಟನ್ನು ಕಡ ತಂದೆ. ಅವನದು ಎಡಗಾಲು ಎಂಬುದು ಕೂಡ ಮರೆತುಹೋಗಿತ್ತು.

ಆ ತಾಯಿ ನಗಲಿಲ್ಲ. ನನ್ನ ಶೂಗಳನ್ನು ಬಿಚ್ಚಿಸಿ, ಎರಡನ್ನೂ ಮಗುಚಿ ಮೇಜಿನ ಮೇಲಿಟ್ಟರು. ಬಲದ್ದರ ಹೊರಗಿನ ಅಂಚು ಸವೆದು ಹಾಳೆಯ ಹಾಗಾಗಿತ್ತು. ಅದರ ಮೇಲೆ ಬೆರಳಾಡಿಸುತ್ತಾ, “ಶೂ ಒಂದು ಹೇಳ್ತಿದೆ, ನೀವು ಒಂದು ಹೇಳ್ತಿದೀರ. ಇದು ಯಾರ ನಡಿಗೆ?” ಎಂದು ಕೇಳಿದರು.

ಹಾಲಿನವನದು ಎನ್ನಲು ಆಗುತ್ತದೆಯೇ? ಅವರು ಬೈಯುತ್ತಾರೆ, ಹೆಸರು ಹೊಡೆದುಹಾಕುತ್ತಾರೆ ಎಂದುಕೊಂಡೆ. ಅವರು ಎದ್ದು ನನ್ನನ್ನು ಹೊರಗಿನ ಪಡಸಾಲೆಗೆ ಕರೆದುಕೊಂಡು ಹೋದರು. ಉದ್ದನೆಯ ಪಡಸಾಲೆ. ಶೂ ಹಾಕಿಕೊಂಡು ಈ ತುದಿಯಿಂದ ಆ ತುದಿಗೆ ನಡೆಯಿರಿ, ನಾನು ಸಾಕು ಅನ್ನುವವರೆಗೆ ಎಂದರು. ನಡೆದೆ. ಮೊದಲ ಐದಾರು ಸುತ್ತು ನೀವು ಕಲಿಸಿದ ಹಾಗೆ, ಸೊಂಟ ಅಲ್ಲಾಡದೆ. ಹತ್ತು ಸುತ್ತಿಗೆ ಬೆನ್ನು ಬೆವೆತಿತು. ಹದಿನೈದಕ್ಕೆ ಹಲ್ಲು ಕಚ್ಚಿದೆ. ಇಪ್ಪತ್ತು ದಾಟಿದ ಮೇಲೆ ಹಿಡಿದದ್ದೆಲ್ಲ ಕೈಬಿಟ್ಟಿತು. ಮೈ ತನ್ನಷ್ಟಕ್ಕೆ ಬಲಕ್ಕೆ ಇಳಿದು, ಒಂದು ತೂಗು ತೂಗಿ, ಮತ್ತೆ ಎದ್ದಿತು. ನೋವು ಅರ್ಧ ಕಡಿಮೆಯಾಯಿತು. ಪಡಸಾಲೆಯ ಕೊನೆಯ ಬಾಗಿಲಿನ ಗಾಜಿನಲ್ಲಿ ನಾನು ನನ್ನ ಕಡೆಗೇ ಬರುತ್ತಿದ್ದೆ. ಒಂದು ಭುಜ ಇಳಿದು, ತಲೆ ತೂಗುತ್ತಾ ಬರುತ್ತಿರುವ ಆ ಹುಡುಗಿಯನ್ನು ಮೊದಲ ಸಲ ನೋಡಿದೆ. ಕೆಟ್ಟದಾಗಿ ಕಾಣಲಿಲ್ಲ ಅಕ್ಕ. ಅದಕ್ಕೇ ಅಳು ಬಂತು.

ಸಾಕು ಎಂದು ಅವರು ನೀರು ಕೊಟ್ಟರು. ಮೊದಲು ನಡೆದದ್ದು ಸುಳ್ಳು, ಕ್ಷಮಿಸಿ ಎಂದೆ.

“ಗೊತ್ತು,” ಎಂದರು. “ಮೊದಲು ಬಾಗಿಲು ತೆಗೆದು ಒಳಗೆ ನಡೆದುಕೊಂಡು ಬಂದ್ರಲ್ಲ ನೆಟ್ಟಗೆ, ಅದೂ ಸುಳ್ಳೇ.”

ಅದಾದ ಮೇಲೆ ಆಟದ ಕುರ್ಚಿಯಲ್ಲಿ ಕೂರಿಸಿ, ಚೆಂಡು ಕೊಟ್ಟು, ಎಡಕ್ಕೆ ಬಲಕ್ಕೆ ವಾಲಿಸಿದರು. ಅವರು ಮುಖ್ಯವಾಗಿ ನೋಡುವುದು ಕಾಲನ್ನಲ್ಲ, ಸೊಂಟದಿಂದ ಮೇಲೆ ಎಷ್ಟು ಹಿಡಿತವಿದೆ ಎಂಬುದನ್ನು. ನಾನು ಎಷ್ಟಾಗುತ್ತದೋ ಅಷ್ಟೂ ವಾಲಿದೆ. ಬಲಕ್ಕೆ ನೆಲದ ಮೇಲಿನ ಚೆಂಡನ್ನು ಒಂದೇ ಕೈಯಲ್ಲಿ ಎತ್ತಿ ನೇರ ಕೂತೆ. ಎತ್ತುವಾಗಲೇ ಗೊತ್ತಾಯಿತು, ಗೋಡೆಯನ್ನು ಹೊರಗೆ ಹಾಕಿದೆ ಎಂದು.

ನಾಲ್ಕು.

ಕೋಚ್ ಸರ್ ಕಾಗದ ನೋಡಿ, ಮಡಿಸಿ ಜೇಬಿನಲ್ಲಿಟ್ಟುಕೊಂಡರು. ನಾನು ಅವರ ಹಿಂದೆಯೇ ಹೋಗಿ, ಬೆಂಚಿನಲ್ಲಿ ನಾನು ಕೂರುತ್ತೇನೆ, ಗೋಡೆ ಆಡಲಿ ಎಂದೆ. ನೀವು ಹೇಳಿದ್ದನ್ನು ಮಾಡಲು ಹೋಗಿ ಸಿಕ್ಕಿಬಿದ್ದೆ ಎಂದೂ ಹೇಳಿದೆ. ಅವರ ಮುಖ ಸಣ್ಣದಾಯಿತು. ಅದನ್ನು ನಾನು ಹೇಳಬಾರದಿತ್ತು, ನಿನ್ನಿಂದ ಹಾಗೆ ಮಾಡಿಸಿದ್ದು ನನ್ನ ತಪ್ಪು ಎಂದರು.

ಕೋಣೆಗೆ ಬಂದು ಗೋಡೆಗೆ ಎಲ್ಲ ಹೇಳಿದೆ. ತನಗಾಗಿ ನಾನು ಬೆಂಚಿನಲ್ಲಿ ಕೂರಲು ಹೊರಟದ್ದು ಕೇಳಿ ಅವಳಿಗೆ ಬಂದ ಸಿಟ್ಟು ನೋಡಬೇಕಿತ್ತು. ಹಾಸಿಗೆಯ ಮೇಲಿನಿಂದ ದಿಂಬು ಎಸೆದಳು. ಗುರಿ ತಪ್ಪಲಿಲ್ಲ.

“ಪುಣ್ಯ ಕಟ್ಕೊಳ್ಳೋಕೆ ನಾನೇ ಸಿಕ್ಕಿದ್ನಾ ನಿಂಗೆ? ನಂಗೋಸ್ಕರ ಕುಂಟೋದು, ನಂಗೋಸ್ಕರ ಕೂರೋದು. ನಿನಗೋಸ್ಕರ ಏನಾದ್ರೂ ಮಾಡ್ತೀಯಾ?”

ಎದ್ದು ಹೊರಗೆ ಹೋದೆ. ಮೈದಾನದ ಸುತ್ತ ಎಷ್ಟು ಹೊತ್ತು ತಿರುಗಿದೆನೋ ಗೊತ್ತಿಲ್ಲ. ತಿರುಗಿದ್ದು ನನ್ನ ನಡಿಗೆಯಲ್ಲೇ, ತೂಗುತ್ತಾ. ಕೆಲವರು ತಿರುಗಿ ನೋಡಿದರು. ತೋಟದ ಕೆಲಸದವರು ಕಾಲು ಉಳುಕಿತೇ ಎಂದು ಕೇಳಿದರು. ಇಲ್ಲ, ಇದು ನನ್ನ ಕಾಲು ಎಂದೆ.

ಫೆಬ್ರವರಿ ೨೪, ಸೋಮವಾರ

ಪಂದ್ಯಾವಳಿ ಮುಗಿಯಿತು. ಅಂಗೈಯಲ್ಲಿ ಮೂರು ಗುಳ್ಳೆ, ಉಗುರಿನ ಸಂದಿಯಲ್ಲಿ ಟೈರಿನ ಕಪ್ಪು, ಎಷ್ಟು ತೊಳೆದರೂ ಹೋಗುತ್ತಿಲ್ಲ. ಈ ಹಾಳೆಯ ಮೇಲಿನ ಗುರುತುಗಳು ಅದೇ.

ಸೆಮಿಫೈನಲ್ ನಮ್ಮದೇ ಒಳಾಂಗಣದಲ್ಲಿತ್ತು. ಕೋಚ್ ಸರ್ ನಮ್ಮಿಬ್ಬರನ್ನು ಪಾಲು ಮಾಡಿದರು. ಮೊದಲರ್ಧ ಗೋಡೆ ಆಡುವಾಗ ನಾನು ಬೆಂಚಿನಲ್ಲಿ, ನಾನು ಇಳಿದಾಗ ಅವಳು. ಎರಡು ವರ್ಷ ನಾವಿಬ್ಬರೂ ಜೊತೆಗೇ ಆಡಿದವರು. ಅವಳು ಎದುರಾಳಿಯ ಚಕ್ರಕ್ಕೆ ತನ್ನ ಕುರ್ಚಿ ಅಡ್ಡ ಹಾಕುತ್ತಾಳೆ, ಆ ಸಂದಿಯಲ್ಲಿ ನಾನು ನುಗ್ಗುತ್ತೇನೆ. ಅವಳಿಲ್ಲದೆ ಇಳಿದ ನಾನು ಬಾಗಿಲು ಹುಡುಕುವವಳ ಹಾಗೆ ಅತ್ತಿತ್ತ ಸುತ್ತಿದೆ. ಮೂರು ಸಲ ಎಸೆದೆ, ಮೂರೂ ರಿಂಗಿಗೆ ಬಡಿದು ಹೊರಗೆ. ಬೆಂಚಿನಲ್ಲಿ ಕೂತಾಗಲಂತೂ ಇನ್ನೂ ಕಷ್ಟ, ಪಟ್ಟಿ ಬಿಚ್ಚುವುದು, ಕಟ್ಟುವುದು, ಬಿಚ್ಚುವುದು. ಪಕ್ಕದವಳು ನನ್ನ ಕೈ ಮೇಲೆ ಒಂದು ಹೊಡೆದಳು.

ಕೊನೆಗೆ ನಾಲ್ಕು ನಿಮಿಷ ಉಳಿದಿತ್ತು. ನಾವು ಏಳು ಪಾಯಿಂಟ್ ಹಿಂದೆ. ಆಗ ಕೊಕ್ಕರೆಗೆ ಐದನೇ ಫೌಲ್ ಆಯಿತು, ಅಂದರೆ ಆಟದಿಂದ ಹೊರಗೆ. ಎಲ್ಲರೂ ತಲೆ ಮೇಲೆ ಕೈ ಇಟ್ಟುಕೊಂಡರು. ಕೊಕ್ಕರೆ ಹೋದರೆ ಎತ್ತರ ಹೋಯಿತು. ಆದರೆ ಅವಳ ನಂಬರೂ ಹೋಯಿತಲ್ಲ. ಕೋಚ್ ಸರ್ ಬೆರಳಿನಲ್ಲಿ ಕೂಡಿಸಿ ನೋಡಿ, ಗೋಡೆಯ ಕಡೆ ತಿರುಗಿ, ಹೋಗು ಎಂದರು.

ಅವಳು ನನ್ನ ಪಕ್ಕ ಬಂದು ನಿಂತಳು. ತನ್ನ ಚಕ್ರದಿಂದ ನನ್ನ ಚಕ್ರಕ್ಕೊಂದು ಕುಟ್ಟಿದಳು. ಆಮೇಲಿನ ನಾಲ್ಕು ನಿಮಿಷವನ್ನು ಹೇಗೆ ಬರೆಯಲಿ? ಅವಳು ಅಡ್ಡ ಹಾಕಿದಳು, ನಾನು ನುಗ್ಗಿದೆ. ಮತ್ತೆ ಹಾಕಿದಳು, ಮತ್ತೆ ನುಗ್ಗಿದೆ. ಲೋಹಕ್ಕೆ ಲೋಹ ಹೊಡೆಯುವ ಸದ್ದು, ಸುಟ್ಟ ರಬ್ಬರಿನ ವಾಸನೆ. ಏಳು ಐದಾಯಿತು, ಮೂರಾಯಿತು, ಒಂದಾಯಿತು. ಕೊನೆಯ ಅರ್ಧ ನಿಮಿಷದಲ್ಲಿ ಎದುರಾಳಿಗಳ ದೊಡ್ಡವಳೊಬ್ಬಳು ಗೋಡೆಗೆ ಗುದ್ದಿದಳು. ಗೋಡೆ ಕುರ್ಚಿಸಮೇತ ಮಗುಚಿಕೊಂಡಳು, ಕೆನ್ನೆ ನೆಲಕ್ಕೆ ಬಡಿದ ಸದ್ದು ನನಗೆ ಕೇಳಿಸಿತು. ರೆಫರಿ ಸೀಟಿ ಊದಲಿಲ್ಲ. ಚೆಂಡು ನನ್ನ ತೊಡೆಯ ಮೇಲಿತ್ತು. ನನ್ನ ಕೈ ಚಕ್ರದ ಮೇಲೆಯೇ ನಿಂತುಬಿಟ್ಟಿತು, ನಾನು ಅವಳ ಕಡೆಗೇ ತಿರುಗುತ್ತಿದ್ದೆ. ನೆಲದಿಂದಲೇ ಅವಳು ಹೇಳಿದಳು, “ನನ್ನನ್ನೇನು ನೋಡ್ತೀಯ, ಹೋಗೇ.”

ಹೋದೆ. ಎರಡು ತಳ್ಳು, ಚೆಂಡಿಗೆ ಒಂದು ಪುಟ, ಮತ್ತೆರಡು ತಳ್ಳು. ಬುಟ್ಟಿಯ ಎಡಕ್ಕೆ ಹೋಗಿ, ಬಲಕ್ಕೆ ಪೂರ್ತಿ ವಾಲಿ, ಪರೀಕ್ಷೆಯ ದಿನ ಅಡಗಿಸಬೇಕಾಗಿದ್ದ ಅದೇ ವಾಲಿಕೆಯಿಂದ ಎಸೆದೆ. ಬಿತ್ತು. ಒಂದು ಪಾಯಿಂಟಿನಿಂದ ಗೆದ್ದೆವು. ತಿರುಗಿ ನೋಡಿದರೆ ಗೋಡೆ ಇನ್ನೂ ನೆಲದ ಮೇಲೆಯೇ ಇದ್ದಳು, ಕುರ್ಚಿ ಕಟ್ಟಿಕೊಂಡು ಮಗುಚಿದ ಆಮೆಯ ಹಾಗೆ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ನಿನ್ನೆ ಫೈನಲ್‌ನಲ್ಲಿ ಇಪ್ಪತ್ತೆರಡು ಪಾಯಿಂಟಿನಿಂದ ಸೋತೆವು. ಅದರಲ್ಲಿ ಬರೆಯುವಂಥದ್ದೇನೂ ಇಲ್ಲ. ಗೋಡೆಯ ಕೆನ್ನೆ ಬದನೆಕಾಯಿ ಬಣ್ಣಕ್ಕೆ ತಿರುಗಿದೆ. ಅವಳು ಜೂನ್‌ನಲ್ಲಿ ಹೊರಡುತ್ತಾಳೆ, ಯಾವುದೋ ವಕೀಲರ ಕಚೇರಿಯಲ್ಲಿ ಕೆಲಸ ಸಿಕ್ಕಿದೆಯಂತೆ, ಕಟ್ಟಡಕ್ಕೆ ಇಳಿಜಾರು ಕಟ್ಟಿಸುವವರೆಗೆ ಸೇರುವುದಿಲ್ಲ ಎಂದು ಪತ್ರ ಬರೆದಿದ್ದಾಳೆ. ಮುಂದಿನ ವರ್ಷಕ್ಕೆ ನಾನು ಕ್ಯಾಪ್ಟನ್.

ಅಕ್ಕ, ಇನ್ನು ಮೇಲೆ ನಾನು ನೆಟ್ಟಗೆ ನಡೆಯುವುದಿಲ್ಲ. ಹದಿಮೂರು ದಿನವಾಯಿತು ಬಿಟ್ಟು. ಸಂಜೆಯ ಸೊಂಟನೋವು ಹೋಗಿದೆ. ರಜೆಗೆ ಮನೆಗೆ ಬಂದಾಗ ಅಮ್ಮ ನೋಡಿ ಬೇಸರ ಪಟ್ಟರೆ ನೀನು ಸಮಾಧಾನ ಮಾಡಬೇಕು. ನೀನು ಹೇಳಿದರೆ ಅವಳು ಕೇಳುತ್ತಾಳೆ. ನಿನ್ನ ಅತ್ತೆಗೆ ನಮಸ್ಕಾರ ತಿಳಿಸು, ನನಗೆ ಏನೂ ಆಗಿಲ್ಲ, ಆಟಕ್ಕೆ ಸೇರಿದ್ದೇನೆ ಎಂದು ಹೇಳು. ಭಾವ ಆರೋಗ್ಯವಾಗಿರಲಿ. ಪುಟಾಣಿ ಬಿದ್ದು ಎದ್ದು ಹೇಗೆ ಬೇಕೋ ಹಾಗೆ ಓಡಾಡಿಕೊಂಡು ನೂರು ವರ್ಷ ಬಾಳಲಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಎಲ್ಲರದೂ ಆದ ಮೇಲೆ ಎಂದು ಕಾಯಬೇಡ.

ನಿನ್ನ ಪ್ರೀತಿಯ ತಂಗಿ,
ಗುಬ್ಬಿ

ಮರೆತದ್ದು: ಮರೆತದ್ದಲ್ಲ, ಬಿಟ್ಟದ್ದು. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ.

ಭಾವನ ಮನೆಯವರು ನಿನ್ನನ್ನು ನೋಡಲು ಮೊದಲ ಸಲ ನಮ್ಮ ಮನೆಗೆ ಬಂದ ದಿನ. ನನಗೆ ಹದಿಮೂರು. ಅವರು ಬರುವ ಮೊದಲೇ ನೀನು ನನ್ನನ್ನು ಕಿಟಕಿಯ ಪಕ್ಕದ ಸೋಫಾದಲ್ಲಿ ಕೂರಿಸಿ, ಕಾಲ ಮೇಲೆ ಹೊದಿಕೆ ಹಾಕಿ, ಅವರು ಹೋಗುವವರೆಗೆ ಏಳಬೇಡ ಎಂದೆ. ನಾನು ಯಾಕೆ ಎಂದು ಕೇಳಲಿಲ್ಲ. ಮನೆ ತೋರಿಸು ಬಾ ಎಂದು ಭಾವನ ಅಮ್ಮ ನನ್ನ ಕೈ ಹಿಡಿದು ಎಳೆದರು. ನಾನು ನಿನ್ನ ಮುಖ ನೋಡಿದೆ. “ಅವಳು ಏಳಲ್ಲ ಬಿಡಿ, ನಮ್ಮನೆ ಸೋಮಾರಿ” ಎಂದೆ ನೀನು. ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ನಾನೂ ನಕ್ಕೆ.

ಮೂರು ಗಂಟೆ ಕೂತಿದ್ದೆ. ಒಂದು ಗಂಟೆಯಾದ ಮೇಲೆ ನನಗೆ ಬಚ್ಚಲಿಗೆ ಹೋಗಬೇಕಿತ್ತು. ತಡೆದುಕೊಂಡೆ. ತಡೆಯಲಾಗಲಿಲ್ಲ.

ಅವರು ಹೋದ ಮೇಲೆ ನೀನು ಬಂದು ಹೊದಿಕೆ ತೆಗೆದೆ. ನೋಡಿದೆ. ಬಾಗಿಲು ಹಾಕಿ, ಬಕೆಟ್ ತಂದು, ಉಟ್ಟ ಹೊಸ ಬಟ್ಟೆಯಲ್ಲೇ ಮಂಡಿಯೂರಿ ಒರೆಸಿದೆ. ನನ್ನ ಕಾಲುಗಳನ್ನೂ ಒರೆಸಿದೆ, ಮೊದಲು ಬಲಗಾಲನ್ನು. ನೀರು ಚೆಲ್ಲಿತು ಎಂದು ಅಮ್ಮನಿಗೆ ನೀನೇ ಹೇಳಿದೆ. ಅದನ್ನು ನಾವಿಬ್ಬರೂ ಇವತ್ತಿನವರೆಗೆ ಎತ್ತಿಲ್ಲ.

ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳಲು ಹೋದರೆ ನೀನು ಮಂಡಿಯೂರಿ ಒರೆಸುತ್ತಿರುವುದು ಕಣ್ಣಿಗೆ ಬರುತ್ತದೆ. ಹೋಗಲಿ ಬಿಡು ಎಂದುಕೊಂಡರೆ ಆ ನಗು ಕೇಳಿಸುತ್ತದೆ. ಎಂಟು ವರ್ಷದಿಂದ ಎರಡರ ನಡುವೆ ಓಡಾಡುತ್ತಿದ್ದೇನೆ. ಹರಿದುಹಾಕಿದ ಮೂರು ಕಾಗದಗಳಲ್ಲೂ ಬರೆಯಲಾಗದೆ ಉಳಿದದ್ದು ಇದು.

ನೀನು ಕ್ಷಮೆ ಕೇಳಬೇಕೆಂದಲ್ಲ. ಆ ದಿನ ನಿನಗೂ ನೆನಪಿದೆಯೇ, ಅಷ್ಟು ಮಾತ್ರ ಬರೆ.